ಬೊಟ್ಟು ಸರಿಯಿದ್ದ ಸಂಖ್ಯೆ

ನಮ್ಮ ಮನೆಯಲ್ಲಿ ಸಂಖ್ಯೆಗಳಿಗೆ ಬೊಟ್ಟಿಡುವ ಪದ್ಧತಿ ಇತ್ತು. ಹೇಳಿದರೆ ಜನ ನಗುತ್ತಾರೆ, ನಗಲಿ. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಗುಮಾಸ್ತನಾಗಿದ್ದ. ಹೊಲ ಬಿಟ್ಟು ಬಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಮಿಳು ಮಾತಾಡುವ ಹಿರಿಯ ಗುಮಾಸ್ತರೊಬ್ಬರು ಅವನಿಗೆ ಒಂಬತ್ತರ ತಾಳೆ ನೋಡುವುದನ್ನು ಕಲಿಸಿದ್ದರು. ಅದೇ ನಮ್ಮ ಮನೆಗೂ ಬಂತು.

ವಿಷಯ ಬಹಳ ಸುಲಭ. ಯಾವುದೇ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಬೇಕು, ಬಂದದ್ದನ್ನು ಮತ್ತೆ ಕೂಡಬೇಕು, ಒಂದೇ ಅಂಕಿ ಉಳಿಯುವ ತನಕ. ಉಳಿದದ್ದು ಆ ಸಂಖ್ಯೆಯ ಬೊಟ್ಟು. ತುಂಬಿದ ಲಾರಿ 17430 ಕೆಜಿ ಇದ್ದರೆ ಬೊಟ್ಟು ಆರು. ಖಾಲಿ ಲಾರಿ 6280, ಬೊಟ್ಟು ಏಳು. ಕಳೆದಾಗ ಸರಕಿನ ತೂಕ 11150, ಬೊಟ್ಟು ಎಂಟು. ಏಳು ಮತ್ತು ಎಂಟು ಕೂಡಿದರೆ ಹದಿನೈದು, ಹದಿನೈದೆಂದರೆ ಒಂದು ಮತ್ತು ಐದು, ಮತ್ತೆ ಆರು. ತಾಳೆಯಾಯಿತು, ಲಾರಿ ಹೊರಡಬಹುದು. ಅಪ್ಪ ಈ ಕೊನೆಯ ಅಂಕಿಯನ್ನು ಸಂಖ್ಯೆಯ ಪಕ್ಕದಲ್ಲಿ ಬರೆದು ಅದರ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕುತ್ತಿದ್ದ. ನೋಡಿದರೆ ಹಣೆಯ ಕುಂಕುಮದ ಹಾಗೆಯೇ ಕಾಣುತ್ತಿದ್ದುದರಿಂದ ಅಮ್ಮ ಅದಕ್ಕೆ ಬೊಟ್ಟು ಎಂದು ಹೆಸರಿಟ್ಟಳು.

ಬೊಟ್ಟಿಲ್ಲದ ಸಂಖ್ಯೆ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ರೇಷನ್ ಕಾರ್ಡಿಗೆ ಬೊಟ್ಟು, ಗ್ಯಾಸಿನ ಪುಸ್ತಕಕ್ಕೆ ಬೊಟ್ಟು, ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರಿಗೆ ಬೊಟ್ಟು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದರೆ ಎರಡೂ ಕಡೆ ಬೊಟ್ಟಿಟ್ಟು ಪಕ್ಕಪಕ್ಕ ಹಿಡಿದು ನೋಡಬೇಕು. ನನಗೆ ಇದು ರಕ್ತಕ್ಕೆ ಇಳಿದುಬಿಟ್ಟಿತು. ಮುಂದೆ ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಸಿಕ್ಕಿದಾಗ ಬೋಲ್ಟು, ಬೇರಿಂಗುಗಳ ಉದ್ದುದ್ದ ನಂಬರುಗಳನ್ನು ನಿವೃತ್ತಿಯ ತನಕ ಬೊಟ್ಟಿಟ್ಟೇ ಬರೆದೆ. ನನ್ನ ಕೈಯಲ್ಲಿ ತಪ್ಪು ನಂಬರ್ ಹೋಯಿತೆಂದು ಯಾರೂ ಅನ್ನಲಿಲ್ಲ. ಅದರ ಕೊಬ್ಬು ನನಗೆ ಚೆನ್ನಾಗಿಯೇ ಇತ್ತು.

ತಂಗಿ ಹಾಗಲ್ಲ. ಅವಳು ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ಅಪ್ಪನ ಮುಂದೆ ಒಂದು ಚೀಟಿ ಇಟ್ಟಳು. ತುಂಬಿದ ಲಾರಿ, ಖಾಲಿ ಲಾರಿ, ಸರಕು, ಮೂರೂ ಅವಳೇ ಬರೆದದ್ದು. ಅಪ್ಪ ಮೂರಕ್ಕೂ ಬೊಟ್ಟಿಟ್ಟು ಸರಿಯಾಗಿದೆ ಎಂದ. ಸರಕಿನ ತೂಕವನ್ನು ಅವಳು 11150 ಎನ್ನುವ ಬದಲು 11510 ಎಂದು ಬರೆದಿದ್ದಳು. ಅಂಕಿಗಳು ಅವೇ, ಜಾಗ ಮಾತ್ರ ಬೇರೆ. ಕೂಡುವವನಿಗೆ ಯಾವ ಅಂಕಿ ಎಲ್ಲಿ ನಿಂತಿದೆ ಎನ್ನುವುದು ಬೇಕಾಗಿಲ್ಲವಲ್ಲ, ಹಾಗಾಗಿ ಬೊಟ್ಟು ಬದಲಾಗುವುದಿಲ್ಲ. ಒಂದು ಸಂಖ್ಯೆಯ ಅಂಕಿಗಳನ್ನು ಹೇಗೇ ಅದಲುಬದಲು ಮಾಡಿದರೂ ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗವಾಗುತ್ತದೆ, ಒಂಬತ್ತಕ್ಕೆ ಅದು ಕಾಣುವುದೇ ಇಲ್ಲ ಎಂದು ಅವಳು ವಿವರಿಸಿದಳು. ಕಾಣಬೇಕಾದರೆ ಹನ್ನೊಂದರ ತಾಳೆಯನ್ನೂ ನೋಡಬೇಕಂತೆ. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಎರಡು ಗುಂಪು ಮಾಡಿ ಕೂಡಿ, ಒಂದರಿಂದ ಒಂದನ್ನು ಕಳೆದು, ಹನ್ನೊಂದಕ್ಕೆ ಎಷ್ಟು ಉಳಿಯುತ್ತದೆ ನೋಡುವುದು. ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ ಅದರಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಅಪ್ಪ ಅವಳ ಬೆರಳ ಗಂಟಿನ ಮೇಲೆ ಮರದ ಸ್ಕೇಲಿನಿಂದ ಹೊಡೆದ. ಲೆಕ್ಕ ತಪ್ಪಿದ್ದಕ್ಕಲ್ಲ, ಬೇಕೆಂದೇ ತಪ್ಪಿಸಿದ್ದಕ್ಕೆ ಎಂದ. ಅಂಕಿ ಅದಲುಬದಲು ಮಾಡುವವನು ಕಳ್ಳನಾಗಿರಬೇಕು ಇಲ್ಲ ಕುರುಡನಾಗಿರಬೇಕು, ನಮ್ಮ ಮನೆಯಲ್ಲಿ ಎರಡೂ ಇಲ್ಲ, ಒಂದು ಬೊಟ್ಟು ಸಾಕು ಎಂದು ತೀರ್ಪು ಕೊಟ್ಟ. ನಾನು ಬಾಗಿಲ ಬಳಿ ನಿಂತು ನಗುತ್ತಿದ್ದೆ. ಅವಳಿಗೆ ಹೊಡೆತ ಬಿದ್ದದ್ದಕ್ಕಿಂತ ಹೆಚ್ಚಾಗಿ ಅವಳು ಹೇಳಿದ್ದು ಸರಿ ಎಂದು ನನಗೂ ಅರ್ಥವಾಗಿತ್ತಲ್ಲ, ಆ ಹೊಟ್ಟೆಕಿಚ್ಚಿಗೆ ನಕ್ಕೆ. ಆಮೇಲೆ ಎಷ್ಟೋ ವರ್ಷ ಅವಳನ್ನು ಹನ್ನೊಂದಮ್ಮ ಎಂದು ಕರೆದು ಕಾಡಿದೆ.

ಹನ್ನೊಂದಮ್ಮ ಮುಂದೆ ಶಿವಮೊಗ್ಗದಲ್ಲಿ ಹೈಸ್ಕೂಲಿನ ಗಣಿತದ ಮೇಡಂ ಆದಳು. ಗೋಪಾಳದಲ್ಲಿ ಮನೆ ಕಟ್ಟಿಕೊಂಡರು. ಭಾವ, ಅಂದರೆ ಅವಳ ಗಂಡ, ಸರ್ಕಾರಿ ಕಚೇರಿಯೊಂದರಲ್ಲಿ ಮ್ಯಾನೇಜರ್. ಮಾತು ಕಡಿಮೆ, ಕೋಪ ಬಂದರೆ ಮಾತ್ರ ಕಷ್ಟ. ಅಪ್ಪ ಬದುಕಿದ್ದಾಗಲೇ ಅಳಿಯನಿಗೂ ಬೊಟ್ಟಿಡುವುದನ್ನು ಕಲಿಸಿಯೇ ಬಿಟ್ಟಿದ್ದ. ಮದುವೆಯಾದ ವರ್ಷವೇ ಭಾವ ತಮ್ಮ ಸ್ಕೂಟರಿನ ನಂಬರಿಗೆ ಬೊಟ್ಟು ಹೇಳಿ ಮಾವನಿಂದ ಶಹಭಾಷ್ ಅನ್ನಿಸಿಕೊಂಡಿದ್ದು ನನಗೆ ನೆನಪಿದೆ.

ಎರಡು ವರ್ಷದ ಹಿಂದೆ ತಂಗಿಯ ಕತ್ತಿನ ಬದಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲ, ಏನಿಲ್ಲ. ಡಾಕ್ಟರು ಮುಟ್ಟಿ ನೋಡಿ ಸೂಜಿ ಹಾಕಿ ಪರೀಕ್ಷೆ ಮಾಡಿಸೋಣ ಎಂದರು. ಭಾವನಿಗೆ ಆಫೀಸಿನಲ್ಲಿ ಆಡಿಟ್. ನಾನು ನಿವೃತ್ತ, ಭದ್ರಾವತಿಯಿಂದ ಬಸ್ಸಿಗೆ ಬಂದು ಅವಳನ್ನು ಒಂದು ಖಾಸಗಿ ಲ್ಯಾಬಿಗೆ ಕರೆದುಕೊಂಡು ಹೋದೆ. ಸೂಜಿಯ ಕೆಲಸ ಐದು ನಿಮಿಷದ್ದು. ಕೌಂಟರಿನಲ್ಲಿದ್ದ ಹೆಂಗಸು, ನಲವತ್ತು ದಾಟಿದವಳು, ಅರ್ಜಿಯ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಹನ್ನೊಂದು ಅಂಕಿಯ ನಂಬರ್ ತೋರಿಸಿದಳು. ಫಲಿತಾಂಶ ಬಂದಾಗ ವೆಬ್‌ಸೈಟಿನಲ್ಲಿ ಈ ನಂಬರ್ ಹಾಕಿದರೆ ಒಂದು ಸಾಲು ಕಾಣುತ್ತದೆ, ಗುಟ್ಟು ಕಾಪಾಡಬೇಕಲ್ಲ, ಹೆಸರು ಇರುವುದಿಲ್ಲ. ಪೂರ್ತಿ ರಿಪೋರ್ಟನ್ನು ಇಲ್ಲಿಗೆ ಬಂದು ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು ಎಂದಳು. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ ಸರ್ ಎಂದೂ ಹೇಳಿದಳು.

"ನಮ್ಮನೇಲಿ ನಂಬರ್ ತಪ್ಪಲ್ಲಮ್ಮ," ಎಂದೆ. ಕೈಯಲ್ಲಿ ಡೈರಿ, ಕಿವಿಯ ಮೇಲೆ ಪೆನ್ನು. ಬರೆದುಕೊಂಡು ಬೊಟ್ಟಿಟ್ಟೆ. ಸ್ಟಿಕ್ಕರಿನ ಅಂಕಿಗಳನ್ನೂ ಕೂಡಿದೆ. ನಲವತ್ತೇಳು, ಅಂದರೆ ಹನ್ನೊಂದು, ಅಂದರೆ ಎರಡು. ಡೈರಿಯಲ್ಲೂ ಎರಡು. ಆ ಹೆಂಗಸು ಮೆಚ್ಚಿ ನೋಡಿದಳೆಂದು ನನಗೆ ಒಳಗೊಳಗೇ ಖುಷಿ.

ನಾಲ್ಕನೇ ದಿನ ಭದ್ರಾವತಿಯ ಮನೆಯಲ್ಲಿ ಕುಳಿತು ಡೈರಿ ನೋಡಿಕೊಂಡು ನಂಬರ್ ಹಾಕಿದೆ. ಕ್ಯಾನ್ಸರ್ ಜೀವಕೋಶಗಳು ಕಂಡುಬಂದಿಲ್ಲ ಎಂಬ ಸಾಲು ಬಂತು. ತಕ್ಷಣ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ನಂಬರ್ ಸರಿಯಾಗಿ ಹಾಕಿದೆಯಾ ಎಂದು ಕೇಳಿದಳು. ಬೊಟ್ಟು ನೋಡಿಯೇ ಹಾಕಿದ್ದು ಎಂದೆ.

"ಹನ್ನೊಂದು ನೋಡಿದ್ಯಾ ಅಣ್ಣ?"

"ಅಪ್ಪ ಸತ್ರೂ ನಿನ್ನ ಹನ್ನೊಂದು ಸಾಯ್ಲಿಲ್ಲ ನೋಡು ಮಾರಾಯ್ತಿ," ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಲ್ಯಾಬಿಗೊಂದು ಫೋನ್ ಮಾಡಿ ಸ್ಟಿಕ್ಕರಿನ ನಂಬರ್ ಓದಿಸಿಕೊಂಡಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು ಅದು. ಡೈರಿ ತೊಡೆಯ ಮೇಲೇ ಇತ್ತು.

ಮುಂದಿನ ಭಾನುವಾರ ಎರಡೂ ಮನೆಯವರು ಗಾಜನೂರಿಗೆ ಹೋಗಿ ಡ್ಯಾಮಿನ ಹತ್ತಿರ ಕೂತು ಚಿತ್ರಾನ್ನ, ಮೊಸರನ್ನ ತಿಂದು ಬಂದೆವು. ತಂಗಿ ನೀರಿನ ಕಡೆ ಬೆನ್ನು ಮಾಡಿ ನಿಂತ ಫೋಟೋ ಇದೆ. ಬೇರೆ ಯಾರದೋ ಮನೆಯ ಒಳ್ಳೆಯ ಸುದ್ದಿಯನ್ನು ನಮ್ಮದೆಂದುಕೊಂಡು ನಾವು ಅವತ್ತು ಹಬ್ಬ ಮಾಡಿದೆವು. ರಿಪೋರ್ಟಿನ ಕಾಗದ ತಂದುಬಿಡು ಎಂದು ಅವಳು ಆಮೇಲೂ ಎರಡು ಸಲ ಹೇಳಿದಳು. ತರ್ತೀನಿ ತರ್ತೀನಿ ಎನ್ನುತ್ತ ಮುಂದೂಡಿದೆ. ಏನೂ ಇಲ್ಲ ಎಂದು ಬರೆದ ಕಾಗದಕ್ಕೆ ಇಷ್ಟು ಅವಸರವೇನು ಎಂದು ಒಂದು ಸಲ ರೇಗಿಯೂ ಬಿಟ್ಟೆ.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಯಿತು, ಇನ್ನೆರಡು ಎದ್ದವು. ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು. ಭಾವ ಮತ್ತು ನಾನು ಲ್ಯಾಬಿಗೆ ಓಡಿದೆವು. ಅದೇ ಹೆಂಗಸು ಕಪಾಟಿನಿಂದ ಒಂದು ಲಕೋಟೆ ಹುಡುಕಿ ತೆಗೆದಳು. ಮೇಲೆ ತಂಗಿಯ ಹೆಸರು, ವಯಸ್ಸು. ನಾಲ್ಕು ತಿಂಗಳಿಂದ ಅಲ್ಲೇ ಬಿದ್ದಿತ್ತು. ಒಳಗಿನ ಕಾಗದದಲ್ಲಿ ಕ್ಯಾನ್ಸರ್ ಎಂದು ಮೊದಲ ಸಾಲಿನಲ್ಲೇ ಇತ್ತು.

ಲಕೋಟೆಯ ಮೇಲಿನ ನಂಬರ್ 20417286935. ನಾನು ಸ್ವಲ್ಪ ಆ ಕಡೆ ತಿರುಗಿ ಜೇಬಿನ ಡೈರಿ ತೆರೆದೆ. 20471286935. ಒಂದು ಮತ್ತು ಏಳು ಜಾಗ ಬದಲಿಸಿಕೊಂಡಿದ್ದವು. ಪಕ್ಕದಲ್ಲಿ ಕೆಂಪು ಸುತ್ತಿನೊಳಗೆ ಎರಡು. ಸರಿಯಾಗಿತ್ತು ಬೊಟ್ಟು. ಅಷ್ಟು ಸರಿಯಾಗಿ ನಾನು ಇನ್ಯಾವುದನ್ನೂ ಬರೆದಿಲ್ಲ.

ಭಾವ ಕೌಂಟರಿನ ಮೇಲೆ ಕೈ ಬಡಿದು ಕೂಗಾಡುತ್ತಿದ್ದರು. ವೆಬ್‌ಸೈಟಿನಲ್ಲಿ ಏನೂ ಇಲ್ಲವೆಂದು ತೋರಿಸಿ ಇಲ್ಲಿ ಇದನ್ನು ಕೊಡುತ್ತೀರಾ ಎಂದು. ಆ ಹೆಂಗಸು ನನ್ನ ಕಡೆ ತಿರುಗಿದಳು.

"ಸರ್, ನೀವು ಬರ್ಕೊಂಡಿದ್ರಲ್ಲ, ಅದನ್ನ ತೋರ್ಸಿ."

"ಡೈರಿ ಮನೇಲಿದೆ," ಎಂದೆ.

ಅದು ನನ್ನ ಎದೆಯ ಜೇಬಿನಲ್ಲಿತ್ತು. ಅರವತ್ತೆರಡು ವರ್ಷದ ಮನುಷ್ಯ, ಹೆದರಿ ಸುಳ್ಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇವರ ವೆಬ್‌ಸೈಟೇ ಸರಿಯಿಲ್ಲ ಭಾವ ಎಂದು ಒಂದು ಮಾತು ಸೇರಿಸಿದೆ. ಭಾವ ಲಿಖಿತ ದೂರು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಲ್ಯಾಬಿನವರು, ಗಲಾಟೆ ಮುಗಿದರೆ ಸಾಕೆಂದು, ಆ ಹೆಂಗಸನ್ನು ಕೌಂಟರಿನಿಂದ ತೆಗೆದು ಹಿಂದಿನ ಕೋಣೆಯಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಹಾಕಿದ್ದೇವೆ ಎಂದು ಉತ್ತರ ಬರೆದರು. ಭಾವ ಆ ಕಾಗದವನ್ನು ನನಗೆ ಓದಿ ಹೇಳಿದರು. ನಾನು ತಲೆಯಾಡಿಸಿದೆ.

ನಾಲ್ಕು ತಿಂಗಳ ಹಿಂದೆಯೇ ಬಂದಿದ್ದರೆ ಎಂದು ಶುರು ಮಾಡಿದ ಡಾಕ್ಟರು ಆ ಮಾತನ್ನು ಮುಗಿಸಲಿಲ್ಲ. ತಂಗಿಯ ಚಿಕಿತ್ಸೆ ಶುರುವಾಯಿತು. ನಾನು ದಿನ ಬಿಟ್ಟು ದಿನ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ದಾರಿಯುದ್ದಕ್ಕೂ ತಲೆ ತನ್ನಷ್ಟಕ್ಕೆ ಲೆಕ್ಕ ಮಾಡುತ್ತಿತ್ತು. ಅಪ್ಪ ಸಂಖ್ಯೆಯನ್ನು ಬಿಡಿ ಅಂಕಿಗಳಾಗಿ ಓದಿದರೆ ಬಯ್ಯುತ್ತಿದ್ದ, ಪೂರ್ತಿ ಓದು ಎನ್ನುತ್ತಿದ್ದ. ಪೂರ್ತಿ ಓದಿದರೆ ತಂಗಿಯದು ಎರಡು ಸಾವಿರದ ನಲವತ್ತೊಂದು ಕೋಟಿ ಎಪ್ಪತ್ತೆರಡು ಲಕ್ಷ, ಮೇಲೆ ಸಾವಿರಗಳು. ನಾನು ಬರೆದದ್ದು ಎರಡು ಸಾವಿರದ ನಲವತ್ತೇಳು ಕೋಟಿ ಹನ್ನೆರಡು ಲಕ್ಷ. ನಡುವೆ ಐದು ಕೋಟಿ ನಲವತ್ತು ಲಕ್ಷದ ದೂರ. ಆ ಐದು ಕೋಟಿ ನಲವತ್ತು ಲಕ್ಷವನ್ನು ಒಂಬತ್ತರಿಂದ ಭಾಗಿಸಿದರೆ ಅರವತ್ತು ಲಕ್ಷ, ಏನೂ ಉಳಿಯುವುದಿಲ್ಲ. ಅಷ್ಟು ದೊಡ್ಡ ಕಂದಕದಲ್ಲಿ ಅಪ್ಪನ ಬೊಟ್ಟಿಗೆ ಸಿಕ್ಕುವಂಥದ್ದು ಒಂದು ಕಾಳೂ ಇರಲಿಲ್ಲ. ಒಂದೊಂದು ದಿನ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನ ತಲೆಗೆ ಕಟ್ಟುವುದು ಸುಲಭ. ಶಿವಮೊಗ್ಗದ ಬಸ್ ಸ್ಟ್ಯಾಂಡು ಬರುವಷ್ಟರಲ್ಲಿ ಆ ಸಿಟ್ಟು ತಿರುಗಿ ನನ್ನ ಮೇಲೇ ಬಂದು ಕೂರುತ್ತಿತ್ತು.

ಮೂರನೇ ಸುತ್ತಿನ ಔಷಧಿಯ ಹೊತ್ತಿಗೆ ತಂಗಿಯ ಕೂದಲೆಲ್ಲ ಹೋಗಿತ್ತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ನಾವಿಬ್ಬರೇ ಇದ್ದೆವು. ಕೈಗೆ ಸಲೈನ್ ಹಾಕಿದ್ದರು. ಡೈರಿ ಕೊಡು ಎಂದಳು. ಯಾವ ಡೈರಿ ಎಂದು ನಾನು ಕೇಳಲಿಲ್ಲ. ಕೊಟ್ಟೆ. ಅವಳ ದಿಂಬಿನ ಪಕ್ಕದ ಫೈಲಿನಲ್ಲಿ ಆ ರಿಪೋರ್ಟಿತ್ತು, ಅದನ್ನು ತೆಗೆದು ನೋಡುವ ಕಷ್ಟವನ್ನೂ ಅವಳು ತೆಗೆದುಕೊಳ್ಳಲಿಲ್ಲ. ತನ್ನ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಡೈರಿಯ ಸಾಲಿನ ಮೇಲೆ ಒಂದು ಬಿಟ್ಟು ಒಂದು ಅಂಕಿಯ ಮೇಲೆ ಬೆರಳಿಟ್ಟು ತುಟಿಯಲ್ಲೇ ಕೂಡಿದಳು. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಅವಳ ಮುಖ ಹೀಗೇ ಇರುತ್ತಿತ್ತು.

"ನೀನು ಬರ್ದಿದ್ದು ಹನ್ನೊಂದರಲ್ಲಿ ಸರಿಯಾಗಿ ಹೋಗುತ್ತೆ ಅಣ್ಣ. ನಂದು ಹೋಗಲ್ಲ. ಒಂದು ಉಳಿಯುತ್ತೆ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಆ ಇನ್ನೊಂದು ನಂಬರಿನವರಿಗೆ ಏನೂ ಇಲ್ಲವಲ್ಲ, ಅವರು ಚೆನ್ನಾಗಿರಲಿ ಎಂದಳು. ಭಾವನಿಗೆ ಗೊತ್ತಾ ಎಂದು ಕೇಳಿದೆ. ಇಲ್ಲ, ತಾನು ಹೇಳುವುದಿಲ್ಲ ಎಂದಳು. ನನಗೆ ಸಮಾಧಾನವಾಯಿತು, ನಾಚಿಕೆಯಿಲ್ಲದೆ. ಅದು ಅವಳಿಗೆ ಕಂಡಿರಬೇಕು.

"ನೀನೇ ಹೇಳ್ಬೇಕು. ಆ ಹೆಂಗಸು ಬಾಟ್ಲಿ ತೊಳೀತಿದಾಳೆ. ಅವಳ್ನ ಮೊದ್ಲಿನ ಜಾಗಕ್ಕೆ ಕೂರ್ಸಿ ಬಾ. ಇನ್ನೇನೂ ಬೇಡ ನಂಗೆ."

ನಾಳೆಯೇ ಹೇಳುತ್ತೇನೆ ಎಂದೆ. ಮಾರನೇ ದಿನ ಭಾವ ದಣಿದಿದ್ದರು. ಅದರ ಮಾರನೇ ದಿನ ಅವರಿಗೆ ಜ್ವರ. ಆಮೇಲೆ ತಂಗಿಗೆ ಉಸಿರಾಟ ಕಷ್ಟವಾಯಿತು, ಇದು ಸಮಯವಲ್ಲ ಎಂದುಕೊಂಡೆ. ಪ್ರತಿ ಸಲ ವಾರ್ಡಿಗೆ ಹೋದಾಗ ಅವಳು ನನ್ನ ಮುಖ ನೋಡುತ್ತಿದ್ದಳು, ಹೇಳಿಲ್ಲ ಎಂದು ತಿಳಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೀಗೆ ಐದು ವಾರ. ಆರನೇ ವಾರ ಒಂದು ಬೆಳಿಗ್ಗೆ ಹೋದಳು.

ತಿಥಿಯೆಲ್ಲ ಮುಗಿದು ನೆಂಟರು ಹೊರಟ ಮೇಲೆ ಭಾವ ಗೋಪಾಳದ ಮನೆಯ ಜಗುಲಿಯಲ್ಲಿ ಕೂತು ಲ್ಯಾಬಿನ ಆ ಹೆಂಗಸನ್ನು ಶಪಿಸುತ್ತಿದ್ದರು. ಅವಳ ಮನೆ ಹಾಳಾಗ ಎಂಬ ಮಾತು ಬಂದಾಗ ನಾನು ಎದ್ದುಹೋಗಿ ಒಂದು ಹಾಳೆಯಲ್ಲಿ ಎರಡೂ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ತಂದು ಅವರ ಮುಂದಿಟ್ಟೆ. ಮೇಲಿನದು ಅವಳದು, ಕೆಳಗಿನದು ನಾನು ಬರೆದುಕೊಂಡಿದ್ದು ಎಂದೆ.

ಭಾವ ಕನ್ನಡಕ ಹಾಕಿಕೊಂಡರು. ತುಟಿ ಅಲುಗಾಡಿತು. ಅವರು ಮಾಡಿದ್ದು ಅಪ್ಪ ಕಲಿಸಿದ್ದನ್ನೇ. ಅಂಕಿಗಳನ್ನು ಕೂಡಿ ಎರಡಕ್ಕೂ ಬೊಟ್ಟಿಟ್ಟರು.

"ಎರಡಕ್ಕೂ ಎರಡೇ ಬರುತ್ತಲ್ಲ," ಎಂದರು. "ಸರಿಯಾಗೇ ಬರ್ಕೊಂಡಿದೀರಿ."

ಹಾಳೆಯನ್ನು ನನಗೆ ವಾಪಸ್ ಚಾಚಿದರು. ಬಿಡುಗಡೆ ಅಷ್ಟು ಹತ್ತಿರ ಬಂದು ನಿಂತಿತ್ತು. ಹಾಳೆ ಮಡಚಿ ಜೇಬಿಗಿಟ್ಟುಕೊಂಡಿದ್ದರೆ ಜೀವಮಾನವಿಡೀ ಯಾರೂ ಕೇಳುತ್ತಿರಲಿಲ್ಲ. ನಾನು ಹಾಳೆ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, ಒಂದು ಬಿಟ್ಟು ಒಂದು ಅಂಕಿ ಕೂಡಿ ಎಂದೆ. ಎರಡು, ನಾಲ್ಕು, ಏಳು, ಎಂಟು, ಒಂಬತ್ತು, ಐದು. ಮೂವತ್ತೈದು. ಉಳಿದವು ಹನ್ನೆರಡು. ಕಳೆದರೆ ಇಪ್ಪತ್ತಮೂರು, ಅದರಲ್ಲಿ ಎರಡು ಹನ್ನೊಂದು ಹೋದರೆ ಒಂದು. ಕೆಳಗಿನದನ್ನು ಅವರೇ ಮಾಡಿದರು. ಇಪ್ಪತ್ತೊಂಬತ್ತು, ಹದಿನೆಂಟು, ಹನ್ನೊಂದು, ಸೊನ್ನೆ. ಸೊನ್ನೆ ಬಂದಮೇಲೆ ಅವರ ಬೆರಳು ಮೆಲ್ಲಗೆ ಹಿಂದಕ್ಕೆ ಹೋಗಿ ಒಂದರ ಮೇಲೆ, ಆಮೇಲೆ ಏಳರ ಮೇಲೆ ನಿಂತಿತು.

ಅವಳಿಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಡೈರಿ ಜೇಬಿನಲ್ಲಿದ್ದದ್ದನ್ನೂ ಹೇಳಿದೆ. ಅವರು ಕೈ ಎತ್ತಿ ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಮಡಚಿಕೊಂಡು ಒಳಗೆ ಹೋದರು. ಬಾಗಿಲ ಹತ್ತಿರ ನಿಂತು, ಬೆಳಿಗ್ಗೆ ಹತ್ತು ಗಂಟೆಗೆ ಲ್ಯಾಬಿನ ಹತ್ತಿರ ಬನ್ನಿ ಎಂದಷ್ಟೇ ಹೇಳಿದರು.

ಲ್ಯಾಬಿನ ಹಿಂದಿನ ಕೋಣೆಯಲ್ಲಿ ಫಿನಾಯಿಲಿನ ವಾಸನೆ. ಆಕೆ ರಬ್ಬರಿನ ಕೈಗವಸು ಹಾಕಿಕೊಂಡು ಸಿಂಕಿನ ಮುಂದೆ ನಿಂತಿದ್ದಳು. ಆಕೆಯ ಮೇಲಧಿಕಾರಿಯೂ ಬಂದಿದ್ದರು, ಭಾವ ದೂರು ವಾಪಸ್ ಪಡೆಯುವ ಪತ್ರವನ್ನು ಅವರ ಕೈಗೆ ಕೊಟ್ಟಾಗಿತ್ತು. ನಾನು ಡೈರಿ ತೆರೆದು ಆಕೆಗೆ ತೋರಿಸಿದೆ. ತಪ್ಪು ನನ್ನದು, ಅವತ್ತು ಇದು ಜೇಬಿನಲ್ಲೇ ಇತ್ತು, ನಿಮ್ಮ ಮುಂದೆ ಸುಳ್ಳು ಹೇಳಿದೆ ಎಂದೆ. ಆಕೆ ಕೈಗವಸು ತೆಗೆದು, ಡೈರಿಯ ಆ ಸಾಲನ್ನು ನಿಧಾನವಾಗಿ ಓದಿದಳು. ನನ್ನನ್ನು ಏನಾದರೂ ಅನ್ನುತ್ತಾಳೆ ಎಂದು ಕಾದೆ.

"ಇರ್ಲಿ ಬಿಡಿ ಸರ್. ಈಗ ಹೇಗಿದಾರೆ ಅವ್ರು?"

ಭಾವನ ಕಡೆ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. ಇದನ್ನೂ ನಾನೇ ಹೇಳಬೇಕಿತ್ತು.